ಅಖಿಮಕ್ಕ ಕೂತದ್ದು

ನಮ್ಮ ಓಣಿಯಲ್ಲಿ ಅಖಿಮಕ್ಕ ಕೂತದ್ದನ್ನು ಕಂಡವರು ಕಡಿಮೆ. ಬೆಳಕು ಹರಿಯುವ ಮೊದಲೇ ಅವಳ ಮೀನುಗಂಜಿ ಅಂಗಡಿಯ ಒಲೆ ಹತ್ತಿರುತ್ತಿತ್ತು. ಆಮೇಲೆ ಅವಳ ಕಾಲಿಗೆ ಚಕ್ರ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬಟ್ಟಲು, ಬಾಯಲ್ಲಿ ಗಿರಾಕಿಯ ಮೂರು ತಲೆಮಾರಿನ ವಿಚಾರಣೆ. ತೈವಾನಿನ ನಮ್ಮ ತೈನಾನ್ ಊರಲ್ಲಿ ಬೆಳಿಗ್ಗೆ ಮೀನುಗಂಜಿ ಕುಡಿಯದವನು ಒಂದೋ ಕಾಯಿಲೆಯವನು, ಇಲ್ಲವೇ ತೈಪೆಯಿಂದ ಬಂದವನು ಎಂದು ಅವಳ ನಂಬಿಕೆ. ಎರಡಕ್ಕೂ ಮದ್ದು ಗಂಜಿಯೇ ಎಂದು ಇನ್ನೊಂದು ಸೌಟು ಸುರಿಯುತ್ತಿದ್ದಳು.

ನಾನು ಪಕ್ಕದ ಮನೆಯ ದರ್ಜಿ, ಅಹುನ್. ಅವಳು ನಿಂತು ಸವೆದಳು, ನಾನು ಹೊಲಿಗೆ ಯಂತ್ರದ ಮುಂದೆ ಕೂತು ಸವೆದೆ. "ಕೂತು ತಿನ್ನೋರಿಗೆ ಕುಡಿಕೆ ಹೊನ್ನು ಸಾಲದಂತೆ ಕಣೇ" ಎಂದು ನನ್ನ ಕಿಟಕಿಯ ಮುಂದೆ ಹಾಯುವಾಗಲೆಲ್ಲ ಚುಚ್ಚದೆ ಹೋದವಳಲ್ಲ. "ನಾನು ಕೂತೇ ದುಡಿಯೋದಲ್ವಾ ಅಕ್ಕ" ಎಂದರೆ, "ಅದಕ್ಕೇ ನಿನ್ನ ಹಿಂಭಾಗ ಹಂಗಿರೋದು" ಎಂದು ಮುಂದೆ ಹೋಗುವಳು.

ದಿನಕ್ಕೆ ಒಂದೇ ಸಲ ಅವಳು ಕೂರುತ್ತಿದ್ದದ್ದು. ಕೊನೆಯ ಪಾತ್ರೆ ತೊಳೆದಾದ ಮೇಲೆ, ಊಟದ ಹೊತ್ತಿಗೆ ಮುಂಚೆ, ಅಂಗಡಿ ಮುಂದಿನ ಉದ್ದ ಬೆಂಚಿನ ಮೇಲೆ. ಒಂದು ಕಾಲನ್ನು ಬೆಂಚಿನ ಮೇಲೆ ಮಡಚಿಟ್ಟು, ಮೊಣಕಾಲಿನ ಮೇಲೆ ಕೈ ಚಾಚಿ, ಇನ್ನೊಂದು ಕಾಲನ್ನು ಇಳಿಬಿಟ್ಟು, ಬಾಯಲ್ಲಿ ಹಲ್ಲುಕಡ್ಡಿ. ಇಳಿಬಿಟ್ಟ ಕಾಲಿನ ಚಪ್ಪಲಿ ಯಾವಾಗಲೂ ಕೆಳಗೆ ಬಿದ್ದಿರುತ್ತಿತ್ತು. ಹೆಣ್ಣುಮಕ್ಕಳು ಹಾಗೆ ಕೂತರೆ ನಮ್ಮಮ್ಮ ತೊಡೆಗೆ ಬಾರಿಸುತ್ತಿದ್ದಳು. ಅಖಿಮಕ್ಕನಿಗೆ ಬಾರಿಸುವವರು ಯಾರೂ ಉಳಿದಿರಲಿಲ್ಲ, ಇದ್ದರೂ ಧೈರ್ಯ ಮಾಡುತ್ತಿರಲಿಲ್ಲ.

ಅವಳ ಗಂಡ ಚುಯಿಬೊಕ್ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಆ ಮನುಷ್ಯ ಬದುಕಿದ್ದಷ್ಟು ದಿನವೂ ತೂತು ಬಿದ್ದ ಬನಿಯನ್ನಿನಲ್ಲಿ, ಒಲೆಯ ಹಿಂದಿನ ಮಣೆಯ ಮೇಲೆ ಕೂತು ಮೀನಿನ ಮುಳ್ಳು ತೆಗೆಯುತ್ತಿದ್ದ. ಮಾತು ಕಮ್ಮಿ, ನಗು ಜಾಸ್ತಿ. ಹೆಂಡತಿ ಗಿರಾಕಿಯ ಜೊತೆ ಜಗಳಕ್ಕೆ ನಿಂತರೆ ಮೀನಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ಅವನ ತಮ್ಮ ಹ್ವೇತೊ ಮಾತ್ರ ಹುಟ್ಟಿನಿಂದಲೇ ಗಂಭೀರ. ಅಣ್ಣನ ಹೆಸರಲ್ಲಿ ನೀರು, ಮರ. ತಮ್ಮನ ಹೆಸರಲ್ಲಿ ಬೆಂಕಿ, ಮಣ್ಣು. ನಮ್ಮವರ ಪಂಚತತ್ವಗಳಲ್ಲಿ ಉಳಿದ ಲೋಹವನ್ನು ಅವರಪ್ಪ ಮೂರನೆಯ ಮಗನಿಗೆಂದು ಎತ್ತಿಟ್ಟಿದ್ದನಂತೆ, ಆ ಮಗ ಹುಟ್ಟಲೇ ಇಲ್ಲ.

ಚುಯಿಬೊಕ್ ಸತ್ತಾಗ ಅವನದೆಂದು ಇದ್ದದ್ದು ಗುರುತಿನ ಚೀಟಿಯ ಫೋಟೊ ಒಂದೇ. ದೇವಸ್ಥಾನದ ಬೀದಿಯಲ್ಲಿ ಸತ್ತವರ ಚಿತ್ರವನ್ನು ಇದ್ದಿಲಿನಲ್ಲಿ ಬರೆದುಕೊಡುವ ಅಂಗಡಿಯೊಂದಿತ್ತು. ಮೈ ಮೊದಲೇ ಸಿದ್ಧವಿರುತ್ತಿತ್ತು: ಕೆತ್ತನೆಯ ಕುರ್ಚಿ, ಕೋಟು, ಟೈ, ಮೊಣಕಾಲುಗಳ ಮೇಲೆ ಎರಡು ಕೈ. ನೀವು ಮುಖ ಕೊಟ್ಟರೆ ಕುತ್ತಿಗೆಯ ಮೇಲೆ ಕೂರಿಸಿಕೊಡುತ್ತಿದ್ದರು. ಮುಖ ನೇರವಾಗಿರಬೇಕು, ಎರಡೂ ಕಿವಿ ಕಾಣಬೇಕು. ಒಂದು ಕಿವಿ ಮರೆಯಾದರೆ ಹಿರಿಯರಿಗೆ ನಮ್ಮ ಬೇಡಿಕೆ ಅರ್ಧವೇ ಕೇಳಿಸುತ್ತದೆ ಎಂದು ನಮ್ಮ ಓಣಿಯವರು ನಂಬಿದ್ದರು. ಚುಯಿಬೊಕ್ ಹಾಗೆ ಕೋಟು ತೊಟ್ಟು ನಡುಮನೆಯ ಗೋಡೆ ಏರಿದ. ಆ ಕೋಟನ್ನು ಓಣಿಯ ಇನ್ನೂ ಮೂರು ಮನೆಗಳ ಗೋಡೆಯ ಮೇಲೆ ನಾನೇ ನೋಡಿದ್ದೇನೆ. ಮಾಂಸದಂಗಡಿಯ ಮುದುಕನಿಗೂ ಅದೇ ಕೋಟು.

ಪ್ರತಿದಿನ ಮೊದಲ ಬಟ್ಟಲು ಗಂಜಿ ಆ ಚಿತ್ರದ ಮುಂದೆ. "ತಗೊಳ್ಳಿ ಮ್ಯಾನೇಜರ್ ಸಾಹೇಬ್ರೆ" ಎಂದು ಅಖಿಮಕ್ಕ ಇಟ್ಟು ಬರುತ್ತಿದ್ದಳು. ಹಬ್ಬದ ದಿನ ಎಡೆ ಇಟ್ಟು, ಉಂಡಾಯಿತೇ ಎಂದು ಕೇಳಲು ಅರ್ಧಚಂದ್ರದ ಹಾಗಿರುವ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಿದ್ದಳು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹೂಂ. ಎರಡೂ ಮಗುಚಿ ಬಿದ್ದರೆ ಉಹೂಂ. ಎರಡೂ ಅಂಗಾತ ಬಿದ್ದರೆ ಸತ್ತವರು ನಕ್ಕರು ಎಂದು ಲೆಕ್ಕ. ಅವಳಿಗೆ ಹೂಂ ಬಿದ್ದದ್ದುಂಟು, ಉಹೂಂ ಬಿದ್ದದ್ದಂತೂ ಎಷ್ಟೋ. ನಗು ಮಾತ್ರ ಯಾವತ್ತೂ ಬೀಳಲಿಲ್ಲ.

"ಕೋಟು ಹಾಕಿದ್ಮೇಲೆ ನಗೋದನ್ನೇ ಬಿಟ್ಟುಬಿಟ್ಟ ನೋಡು" ಎಂದಳು ಒಂದು ಹಬ್ಬದಲ್ಲಿ. ಆಮೇಲೆ ಸ್ವರ ತಗ್ಗಿಸಿ, "ಅಹುನ್, ನಂಗೆ ಸಾಯೋ ಭಯ ಇಲ್ಲ ಕಣೇ. ಸತ್ಮೇಲೆ ನನ್ನ ತಲೇನೂ ಹಿಂಗೇ ಯಾರ್ದೋ ಮೈಗೆ ಅಂಟಿಸಿ ಇವನ ಪಕ್ಕ ತೂಗಾಕ್ತಾರಲ್ಲ, ಅದೇ ಭಯ. ಇವ್ನು ಮ್ಯಾನೇಜರ್ರು, ನಾನು ಯಾವ್ದೋ ಮ್ಯಾನೇಜರ್ ಹೆಂಡ್ತಿ. ಇಬ್ರೂ ಗುರ್ತು ಪರಿಚಯ ಇಲ್ದೋರ ಥರ ಅಲ್ಲಿ ಕೂತಿರ್ಬೇಕಾ? ನಾನೇ ಅಂತ ಇವನಿಗೆ ಗೊತ್ತಾಗೋದಾದ್ರೂ ಹೆಂಗೆ?" ಎಂದು ಕೇಳಿದಳು. ನಾನು ಎಡೆಯ ಬಟ್ಟಲನ್ನು ಚಿತ್ರದ ಹತ್ತಿರಕ್ಕೆ ಸರಿಸಿಟ್ಟೆ.

ಹೀಗಿರುವಾಗ ಓಣಿಯ ತುದಿಯ ಹಳೆಯ ಮನೆಗೆ ಪೈಜೆನ್ ಎಂಬ ಚಿತ್ರಗಾರ್ತಿ ಬಾಡಿಗೆಗೆ ಬಂದಳು. ತೈಪೆಯಲ್ಲಿ ಚಿತ್ರಕಲೆ ಕಲಿತವಳು, ವಯಸ್ಸು ಮೂವತ್ತು ದಾಟಿತ್ತು, ಕೂದಲು ಹುಡುಗರ ಹಾಗೆ, ಪ್ಯಾಂಟಿನ ತುಂಬ ಮಸಿ. ಅವಳು ಬರೆಯುತ್ತಿದ್ದದ್ದು ಕೂತವರನ್ನು ಮಾತ್ರ. ನಿಲ್ಲಿಸಿದ ಸ್ಕೂಟರಿನ ಮೇಲೆ ಕೂತು ತೂಕಡಿಸುವವನು, ಕ್ಷೌರದ ಕುರ್ಚಿಯಲ್ಲಿ ಬಾಯಿ ತೆರೆದವನು, ದೇವಸ್ಥಾನದ ಮೆಟ್ಟಿಲ ಮೇಲೆ ಚದುರಂಗದ ಎದುರಾಳಿಗೆ ಬೆನ್ನು ಹಾಕಿ ಮುನಿಸಿಕೊಂಡ ಮುದುಕ. ನಾಲ್ಕು ಗೆರೆ ಎಳೆದರೆ ಮನುಷ್ಯನ ತೂಕ ಪೂರ್ತಿ ಕುರ್ಚಿಯ ಮೇಲೆ ಬಿದ್ದಿರುತ್ತಿತ್ತು. ನನ್ನನ್ನೂ ಬರೆದಳು, ಬರೇ ಬೆನ್ನು. ಅದನ್ನು ನೋಡಿದವರೆಲ್ಲ ಅಹುನ್ ಎಂದು ಥಟ್ಟನೆ ಹೇಳಿದರು, ನನಗೆ ಅಷ್ಟೇನೂ ಖುಷಿಯಾಗಲಿಲ್ಲ.

ಅಖಿಮಕ್ಕನನ್ನು ಬೆಂಚಿನ ಮೇಲೆ ಕಂಡ ದಿನ ಪೈಜೆನ್ ಕೈಯಲ್ಲಿದ್ದ ಗಂಜಿ ಮರೆತಳು.

"ಅಜ್ಜಿ, ನಿಮ್ಮನ್ನ ಬರೀಲಾ?"

"ನನ್ನನ್ನಾ? ನನ್ನಲ್ಲಿ ಏನಿದೆ ಬರೆಯೋಕೆ?"

"ನೀವು ಕೂತಿರೋದು."

"ಕೂರೋದನ್ನೂ ಬರೀತಾರಾ? ತೈಪೆಯೋರಿಗೆ ಬೇರೆ ಕೆಲ್ಸ ಇಲ್ವಾ?" ಎಂದಳು ಅಖಿಮಕ್ಕ. ಆದರೆ ಕಿವಿಯವರೆಗೂ ಕೆಂಪಾಗಿದ್ದಳು. ನಾಳೆ ಮನೆಗೇ ಬಾ, ನಡುಮನೆಯಲ್ಲಿ ಬೆಳಕು ಚೆನ್ನಾಗಿದೆ ಎಂದು ತಾನೇ ಕರೆದಳು.

ಮಾರನೆಯ ದಿನ ಪೈಜೆನ್ ಇದ್ದಿಲು, ಹಾಳೆ ಹಿಡಿದು ಹೋದರೆ ಅಲ್ಲಿ ಅಖಿಮಕ್ಕ ಇರಲಿಲ್ಲ, ಯಾವುದೋ ಮದುವೆಯ ಬೀಗಿತ್ತಿ ಕೂತಿದ್ದಳು. ತಲೆಗೂದಲು ಸುರುಳಿ ಸುರುಳಿ. ನಾನೇ ಹೊಲಿದುಕೊಟ್ಟ ನೇರಳೆ ರೇಷ್ಮೆ ಉಡುಪು, ಕೊರಳಿಗೆ ಮುತ್ತಿನ ಸರ. ಬೆನ್ನು ಕುರ್ಚಿಗೆ ತಾಗದ ಹಾಗೆ, ಗೂಟ ಹೊಡೆದಂತೆ ಕೂತು, ಮೊಣಕಾಲುಗಳ ಮೇಲೆ ಎರಡು ಕೈ ಊರಿ, ಎರಡೂ ಕಿವಿ ಕಾಣುವಂತೆ ಕೂದಲನ್ನು ಹಿಂದೆ ಸಿಕ್ಕಿಸಿದ್ದಳು. ಯಾವ ಭಂಗಿಗೆ ಹೆದರುತ್ತಿದ್ದಳೋ ಅದೇ ಭಂಗಿಯಲ್ಲಿ ಕೂತಿದ್ದಳು. ಚಿತ್ರ ಎಂದ ಕೂಡಲೇ ಅವಳ ಮೈಗೆ ಬೇರೆ ಯಾವುದೂ ತಿಳಿಯಲಿಲ್ಲ.

"ಅಜ್ಜಿ, ಸ್ವಲ್ಪ ಸಡಿಲ ಬಿಡಿ."

"ಬಿಟ್ಟಿದೀನಲ್ಲ."

"ಉಸಿರಾಡಿ ಅಜ್ಜಿ."

"ಆಡಿದ್ರೆ ಅಲುಗಾಡಲ್ವಾ?"

ಅವತ್ತಿನ ಚಿತ್ರ ದಂಡ. ಮಾರನೆಯ ದಿನದ್ದೂ ದಂಡ. ಇತ್ತ ಓಣಿಯಲ್ಲಿ ಬೇರೆಯೇ ಕಥೆ ಹುಟ್ಟಿತು. ಹಣ್ಣಂಗಡಿಯವಳು ಬಾಗಿಲಿನಿಂದ ಇಣುಕಿ ನೋಡಿದಳು: ಅಖಿಮಕ್ಕ ರೇಷ್ಮೆ ಉಟ್ಟು ನೆಟ್ಟಗೆ ಕೂತಿದ್ದಾಳೆ, ಎದುರಿಗೊಬ್ಬಳು ಇದ್ದಿಲಿನಲ್ಲಿ ಬರೆಯುತ್ತಿದ್ದಾಳೆ. ನಮ್ಮಲ್ಲಿ ಇದ್ದಿಲಿನ ಚಿತ್ರ ಯಾತಕ್ಕೆಂದು ಕೂಸಿಗೂ ಗೊತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರೇ ನಮ್ಮ ಓಣಿಯಲ್ಲಿ ಹೆಚ್ಚು. ಅಖಿಮಕ್ಕನಿಗೆ ದೊಡ್ಡ ಕಾಯಿಲೆಯಂತೆ, ಡಾಕ್ಟರು ಕೈ ಚೆಲ್ಲಿದ್ದಾರಂತೆ, ಚಿತ್ರ ಬರೆಸುತ್ತಿದ್ದಾಳಂತೆ. ಆಯುಸ್ಸು ಗಟ್ಟಿಯಾಗಲೆಂದು ಮನೆಮನೆಯಿಂದ ಹಂದಿಕಾಲಿನ ಸಾರಿನಲ್ಲಿ ಬೇಯಿಸಿದ ಎಳೆಶಾವಿಗೆ ಬಂತು. ಅಖಿಮಕ್ಕ ಒಂದನ್ನೂ ವಾಪಸು ಕಳಿಸಲಿಲ್ಲ.

"ಇದ್ದಕ್ಕಿದ್ದಂಗೆ ಎಲ್ರಿಗೂ ನನ್ ಮೇಲೆ ಪ್ರೀತಿ ಉಕ್ಕೈತಲ್ಲ, ಏನಂತೆ?" ಎಂದು ನನ್ನನ್ನು ಕೇಳಿದಳು, ಮೂರನೆಯ ಬಟ್ಟಲು ಮುಗಿಸುತ್ತ.

ನನಗೆ ಗೊತ್ತಿತ್ತು. ಹೇಳಿದರೆ ನಾಲ್ಕನೆಯ ಬಟ್ಟಲು ಬರುವುದಿಲ್ಲ, ಅದರಲ್ಲಿ ನನಗೂ ಪಾಲಿತ್ತು, ಸುಮ್ಮನಿದ್ದೆ.

ಯಾರೋ ಕಾವ್‌ಶುಂಗ್‌ನಲ್ಲಿದ್ದ ಮಗನಿಗೆ ಫೋನು ಮಾಡಿಬಿಟ್ಟರು. ಮಗ ಬುನ್‌ಹಾಂಗ್ ಒಳ್ಳೆಯವನು, ಸ್ವಲ್ಪ ಅಳುಬುರುಕ. ಚಿಕ್ಕಪ್ಪ ಹ್ವೇತೊನನ್ನೂ ಕರೆದುಕೊಂಡು ನುಗ್ಗಿ ಬಂದ. ಅವರು ಬಂದಾಗ ನಾನೂ ಅಲ್ಲೇ ಇದ್ದೆ. ಅಖಿಮಕ್ಕ ಕುರ್ಚಿಯಲ್ಲಿ ನೆಟ್ಟಗಿದ್ದಳು, ಪೈಜೆನ್ ಸೋತು ಹಾಳೆ ಮಡಚುತ್ತಿದ್ದಳು.

"ಅಮ್ಮಾ, ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಮಗ ಕಾಲ ಬಳಿ ಕುಸಿದ.

"ಏನು ಹೇಳ್ಬೇಕಿತ್ತೋ?"

ಹ್ವೇತೊ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಧೈರ್ಯ ತಂದ್ಕೊಳ್ಳಿ. ಜಾಗ ನೋಡ್ಬೇಕು. ಗುಡ್ಡದ ಕಡೆ ಮುಖ ಬೇಕಾ, ಸಮುದ್ರದ ಕಡೆ ಬೇಕಾ?"

"ಯಾತರ ಜಾಗ? ಅಂಗಡಿಗಾ?"

ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ವಿಷಯ ಗೊತ್ತಾದ ಮೇಲೆ ಮಗ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದ. ಹ್ವೇತೊ ಮಾತ್ರ ಸೋಲಲಿಲ್ಲ.

"ಹೆಂಗೂ ಬರೆಸ್ತಾ ಇದೀರಿ, ಮುಂದಕ್ಕಾಗುತ್ತೆ, ಇರ್ಲಿ. ಚೆನ್ನಾಗಿ ಕೂತಿದೀರಿ. ಅಣ್ಣನ ಪಕ್ಕ ಸರಿಯಾಗಿ ಜೋಡಿಯಾಗುತ್ತೆ."

ಆ ಮಾತು ಅಖಿಮಕ್ಕನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಎದ್ದವಳೇ ಕುರ್ಚಿಯನ್ನು ಕಾಲಿನಿಂದ ತಳ್ಳಿ, ಹೊರಗಿನಿಂದ ತನ್ನ ಬೆಂಚು ಎಳೆದು ತಂದು ಧೊಪ್ಪನೆ ಕೂತಳು. ರೇಷ್ಮೆ ಉಡುಪನ್ನು ಮೊಣಕಾಲಿಗೆ ಎತ್ತಿಕೊಂಡಳು, ಒಂದು ಕಾಲು ಬೆಂಚಿನ ಮೇಲೇರಿತು, ಇನ್ನೊಂದು ಕಾಲಿನ ಚಪ್ಪಲಿ ಬಿತ್ತು. ತನ್ನ ಎಡಗಡೆ ಗೋಡೆಯ ಮೇಲಿದ್ದ ಗಂಡನ ಕಡೆ ಮುಖ ತಿರುಗಿಸಿ ಶುರು ಮಾಡಿದಳು.

"ನೋಡಪ್ಪ ಮ್ಯಾನೇಜರ್ರೇ, ಜೋಡಿಯಂತೆ ಜೋಡಿ. ನಿನ್ನ ಬನಿಯನ್ ತೂತಲ್ಲಿ ನಾನು ಬೆರಳು ತೂರ್ಸಿದ್ರೆ ಕಚಗುಳಿ ಅಂತಿದ್ದೆ, ನೆನಪೈತಾ? ಆ ಬನಿಯನ್ ಎಲ್ಲೋಯ್ತು? ನಾನು ದಿನಾ ಗಂಜಿ ಇಡೋದು ಯಾರಿಗೆ? ಬಾಯಾದ್ರೂ ಬಿಡು. ಬದುಕಿದ್ದಾಗ ಮಾತಾಡ್ಲಿಲ್ಲ, ನಗ್ತಾನಾದ್ರೂ ಇದ್ದೆ. ಈಗ ನೋಡಿದ್ರೆ ಸಾಲ ಕೊಡಲ್ಲ ಅನ್ನೋನ ಥರ ಕೂತಿದೀಯ."

ಬಯ್ಯುತ್ತಾ ಬಯ್ಯುತ್ತಾ ಅವಳೇ ನಗತೊಡಗಿದಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು. ಪೈಜೆನ್ ಮಾತ್ರ ಮೂಲೆಯಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದಳು, ಇದ್ದಿಲು ಮುರಿದರೂ ನಿಲ್ಲಿಸಲಿಲ್ಲ. ಅಖಿಮಕ್ಕನ ಬೈಗುಳ ಮುಗಿಯುವಷ್ಟರಲ್ಲಿ ಚಿತ್ರವೂ ಮುಗಿದಿತ್ತು.

ಕಾಲುವೆ ದಂಡೆಯ ಹಳೆಯ ಉಗ್ರಾಣದಲ್ಲಿ ಪೈಜೆನ್ ಚಿತ್ರಗಳ ಪ್ರದರ್ಶನವಾಯಿತು. ಗೋಡೆಯ ತುಂಬ ಕೂತವರು, ಗೋಡೆಯ ಮುಂದೆ ನಿಂತವರೂ ಅವರೇ. ಸ್ಕೂಟರಿನವನು ತನ್ನ ಚಿತ್ರದ ಮುಂದೆ ನಿಂತು, ಹೊಟ್ಟೆ ಇಷ್ಟಿಲ್ಲ ಎಂದು ವಾದ ಹೂಡಿದ್ದ. ಅಖಿಮಕ್ಕ ತನ್ನ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಹಾಳೆಯಲ್ಲಿ ಹೆಚ್ಚೇನಿರಲಿಲ್ಲ. ಬೆಂಚಿಗೆ ಒಂದು ಗೆರೆ, ಮಡಚಿದ ಕಾಲು, ಬಿದ್ದ ಚಪ್ಪಲಿ, ಓರೆಯಾಗಿ ತಿರುಗಿದ ಮುಖ, ಅರ್ಧ ಬೈಗುಳ ಅರ್ಧ ನಗು ತುಂಬಿದ ಬಾಯಿ.

"ಅಹುನ್, ಇದು ನಾನೇ ಕಣೇ" ಎಂದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಯಾಕೆ ಸುಳ್ಳು ಹೇಳಲಿ.

ಪ್ರದರ್ಶನ ಮುಗಿದ ಮೇಲೆ ಪೈಜೆನ್ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅವಳಿಗೇ ಕೊಟ್ಟಳು. ಮುಂದಿನ ಹಬ್ಬಕ್ಕೆ ಮನೆಯವರೆಲ್ಲರ ಜೊತೆ ನಾನೂ ಊಟಕ್ಕೆ ಕೂತಿದ್ದಾಗ ಅಖಿಮಕ್ಕ ಘೋಷಿಸಿದಳು: "ನಾನು ಹೋದ್ಮೇಲೆ ಗೋಡೆಗೆ ಇದನ್ನೇ ಹಾಕ್ಬೇಕು."

ಹ್ವೇತೊನ ಕೈಯಿಂದ ಊಟದ ಕಡ್ಡಿ ಜಾರಿತು. "ಅತ್ತಿಗೆ, ಕಾಲು ಬೆಂಚಿನ ಮೇಲಿದೆ. ಹಿರಿಯರ ಮುಂದೆ."

"ಹಿರಿಯರಿಗೂ ಕಾಲಿತ್ತು."

"ಇದ್ರಲ್ಲಿ ಕಾಣೋದು ಒಂದೇ ಕಿವಿ. ಮಕ್ಳು ಮೊಮ್ಮಕ್ಳು ಕೇಳ್ಕೊಂಡಿದ್ದು ನಿಮಗೆ ಹೆಂಗೆ ಕೇಳ್ಸುತ್ತೆ?"

"ಬದುಕಿದ್ದಾಗ ಎರಡು ಕಿವೀಲಿ ಕೇಳಿದ್ದು ಸಾಕಪ್ಪ. ಸತ್ಮೇಲೆ ಒಂದೇ ಸಾಕು."

"ಅಮ್ಮ, ನೋಡಿದೋರು ಏನಂತಾರೆ?" ಎಂದ ಮಗ ಮೆಲ್ಲಗೆ.

"ಅಖಿಮ್ ಅಂತಾರೆ. ನಂಗೆ ಬೇಕಾಗಿರೋದು ಅಷ್ಟೇ ಕಣೋ. ಒಪ್ಪಲ್ಲ ಅಂದ್ರೆ ನಿಮ್ಮಪ್ಪನ್ನೇ ಕೇಳಿ."

"ಕೇಳ್ತೀವಿ, ಬಿಡಿ" ಎಂದ ಹ್ವೇತೊ. "ನಮ್ಮಣ್ಣ ಮರ್ಯಾದಸ್ಥ. ಅವನು ಒಪ್ಪಿದ್ರೆ ನಾನು ಎರಡು ಮಾತಾಡಲ್ಲ." ಆ ಪಂದ್ಯ ಹಾಗೇ ಉಳಿಯಿತು. ಅಖಿಮಕ್ಕ ಚಿತ್ರವನ್ನು ತನ್ನ ಮಂಚದ ಹಿಂದೆ ಇಟ್ಟುಕೊಂಡಳು, ಅವಳ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ನನ್ನ ಕಿಟಕಿಯ ಬಳಿ ಬಂದಾಗಲೆಲ್ಲ, "ನೀನು ಇರ್ತೀಯ ತಾನೆ ಆವತ್ತು? ಹ್ವೇತೊ ಏನಾದ್ರೂ ಆಟ ಆಡಿದ್ರೆ ನೋಡ್ಕೋ" ಎನ್ನುತ್ತಿದ್ದಳು. ಇರ್ತೀನಿ ಹೋಗು ಎಂದು ಗದರುತ್ತಿದ್ದೆ.

ಅಖಿಮಕ್ಕ ಎಂಬತ್ತು ದಾಟಿ, ಮರಿಮಗನ ಮುಖ ನೋಡಿ, ಒಂದು ಬೆಳಿಗ್ಗೆ ಗಂಜಿಗೆ ಇಟ್ಟ ನೀರು ಕುದಿಯುವ ಮೊದಲೇ ಹೋದಳು. ಬೆಂಚಿನ ಮೇಲೇ ಹೋದಳು, ಚಪ್ಪಲಿ ಕೆಳಗಿತ್ತು. ಅಂಥ ವಯಸ್ಸಿನ, ಅಂಥ ಸುಖದ ಸಾವಿಗೆ ನಮ್ಮಲ್ಲಿ ಬಾಗಿಲಿಗೆ ಕೆಂಪು ದೀಪ ಕಟ್ಟುತ್ತಾರೆ. ದುಃಖ ಇರಲಿಲ್ಲವೆಂದಲ್ಲ. ಯಾರಾದರೂ ಅಳಲು ಶುರು ಮಾಡಿದರೆ ಇನ್ನೊಬ್ಬರು ಅವಳ ಬೈಗುಳವೊಂದನ್ನು ನೆನೆಸಿ ಕೆಡಿಸಿಬಿಡುತ್ತಿದ್ದರು.

ಚಿತ್ರ ಇಡುವ ಹೊತ್ತು ಬಂತು. ಹ್ವೇತೊ ಸ್ಟುಡಿಯೊದಿಂದ ಒಂದು ಮಾಡಿಸಿಕೊಂಡೇ ಬಂದಿದ್ದ. ಇದ್ದಿಲಿನ ಅಂಗಡಿ ಹೋಗಿ ಕಂಪ್ಯೂಟರು ಬಂದಿದೆ, ಕೆಲಸ ಮಾತ್ರ ಅದೇ. ಗುರುತಿನ ಚೀಟಿಯ ಮುಖ, ಯಾರದೋ ಹಸಿರು ರೇಷ್ಮೆ, ಯಾರದೋ ಬೆಣ್ಣೆಯಂಥ ಕೈ. ಗಂಜಿಯ ಹಬೆಯಲ್ಲಿ ಬೆಂದ ಅವಳ ಕೈ ನನಗೆ ಗೊತ್ತಿಲ್ಲವೇ? ನಾನು ಮಂಚದ ಹಿಂದಿನಿಂದ ಪೈಜೆನ್ ಚಿತ್ರ ತಂದು ಎದುರಿಗೆ ಇಟ್ಟೆ.

"ಅಹುನ್, ಇದು ಮನೆ ವಿಷ್ಯ" ಎಂದ ಹ್ವೇತೊ.

"ಪಂದ್ಯ ಕಟ್ದಾಗ ನಾನೂ ಇದ್ದೆ. ಅಣ್ಣನ್ನ ಕೇಳ್ತೀನಿ ಅಂದಿದ್ಯಾರು?"

ಮಗ ಮರದ ತುಂಡುಗಳನ್ನು ಕೈಗೆತ್ತಿಕೊಂಡ. ಮೊದಲು ಚಿಕ್ಕಪ್ಪ ತಂದ ಚಿತ್ರ ತೋರಿಸಿ ಅಪ್ಪನನ್ನು ಕೇಳಿದ, ಇದು ಆಗುತ್ತಾ ಎಂದು. ಬಿಟ್ಟ. ಎರಡೂ ಮಗುಚಿ ಬಿದ್ದವು. ಉಹೂಂ.

ಹ್ವೇತೊ ಮೀಸೆ ತಿರುವಿಕೊಂಡ. "ಇರ್ಲಿ. ಅದನ್ನೂ ಕೇಳು."

ಮಗ ಬೆಂಚಿನ ಮೇಲೆ ಕಾಲಿಟ್ಟ ತಾಯಿಯನ್ನು ಎತ್ತಿ ಗೋಡೆಗೆ ತೋರಿಸಿದ. "ಅಪ್ಪ, ಇದು ಅಮ್ಮ. ನಿಮ್ಮ ಪಕ್ಕ ಹಿಂಗೇ ಕೂರ್ತೀನಿ ಅಂತಾಳೆ. ಆಗುತ್ತಾ?"

ತುಂಡುಗಳು ಟಕ್ಕೆಂದು ಬಿದ್ದು ಹೊರಳಿ ನಿಂತವು. ಎರಡೂ ಅಂಗಾತ.

ಮಗ ಮತ್ತೆ ಎತ್ತಿ ಬಿಟ್ಟ. ಮತ್ತೆ ಎರಡೂ ಅಂಗಾತ.

"ಅಪ್ಪ ನಗ್ತಿದಾರೆ" ಎಂದ ಮಗ, ಅಳುತ್ತ. ಕೋಟು ತೊಟ್ಟಂದಿನಿಂದ ಒಮ್ಮೆಯೂ ನಗದ ಚುಯಿಬೊಕ್ ಹೆಂಡತಿಯನ್ನು ಕಂಡು ನಕ್ಕಿದ್ದ. ಕೋಣೆಯಲ್ಲಿದ್ದವರೆಲ್ಲ ಮೂಗು ಒರೆಸಿಕೊಳ್ಳುತ್ತ ನಗತೊಡಗಿದರು. ಮೂರನೆಯ ಸಲ ಬಿಟ್ಟಾಗ ಒಂದು ಅಂಗಾತ, ಒಂದು ಮಗುಚಿ. ಹೂಂ.

ಹ್ವೇತೊ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ ತಾನೇ ಏಣಿ ಹತ್ತಿ ಮೊಳೆ ಹೊಡೆದ. ನಾವು ಎದುರು ನಿಂತರೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಆ ಮನೆಯ ಪದ್ಧತಿ ಅದು. ಚಿತ್ರ ತೂಗುಹಾಕಿ ಇಳಿದು ಬಂದು, ನನ್ನ ಪಕ್ಕ ನಿಂತು ನೋಡಿದ. ಕೋಟು ತೊಟ್ಟವನು ನೆಟ್ಟಗೆ ನಮ್ಮನ್ನು ನೋಡುತ್ತಿದ್ದ. ಅಖಿಮಕ್ಕ ನಮ್ಮನ್ನು ನೋಡುತ್ತಲೇ ಇರಲಿಲ್ಲ. ಅವತ್ತು ಅವನನ್ನು ಬಯ್ಯಲು ಹೇಗೆ ತಿರುಗಿದ್ದಳೋ ಹಾಗೇ ಅವನ ಕಡೆ ತಿರುಗಿ ಕೂತಿದ್ದಳು.

"ಆದ್ರೂ ಒಂದು ಕಿವಿ ಕಮ್ಮಿ ಆಯ್ತು" ಎಂದ ಹ್ವೇತೊ, ಸೋತವನ ಗೊಣಗಾಟದಲ್ಲಿ.

"ಕಮ್ಮಿ ಏನಿಲ್ಲ" ಎಂದೆ. "ಇನ್ನೊಂದು ಅಣ್ಣನ ಕಡೆಗಿದೆ, ನೋಡು."